ಖಾಲಿ ಗಾಡಿ

ಇವತ್ತು ಅಪ್ಪನ ಜೊತೆ ಹೋಗಿ ಪಿಕಪ್ ಟೆಸ್ಟ್ ಡ್ರೈವ್ ಮಾಡಿ ಬಂದೆ. ರಸ್ತೆಯ ಮೊದಲ ಹಂಪ್‌ಗೇ ಎಂಥಾ ಜಿಗಿತ ಅಂದ್ರೆ ಅಪ್ಪನ ತಲೆ ಗಾಡಿಯ ಮೇಲ್ಛಾವಣಿಗೆ ತಾಗಿತು. "ಖಾಲಿ ಇದೆಯಲ್ವಾ ಸಾರ್, ಲೋಡ್ ಬಿದ್ರೆ ಸರಿಯಾಗಿ ಕೂರುತ್ತೆ" ಅಂದ ಜೊತೆಗೆ ಬಂದಿದ್ದ ಶೋರೂಮಿನ ಹುಡುಗ. ನಿಜವೇ ಬಿಡಿ, ಟನ್‌ಗಟ್ಟಲೆ ಹೊರುವ ಸ್ಪ್ರಿಂಗಿಗೆ ನಾವು ಮೂರು ಜನ ಯಾವ ಲೆಕ್ಕ.

ಆನ್‌ರೋಡ್ ಹತ್ತೂವರೆ ಲಕ್ಷ. 8 ಲಕ್ಷ ಸಾಲ ಅಂದ್ರೂ 5 ವರ್ಷ ತಿಂಗಳಿಗೆ 17 ಸಾವಿರ ಕಂತು, ಡೀಸೆಲ್ಲು, ಇನ್ಶೂರೆನ್ಸು ಬೇರೆ. ಈಗ ಟೊಮೆಟೊ ಬಾಕ್ಸಿಗೆ ಇಷ್ಟು ಅಂತ ಬಾಡಿಗೆ ಕೊಟ್ಟು ಕೋಲಾರದ ಮಂಡಿಗೆ ಕಳಿಸುತ್ತೇವೆ, ತೋಟ ಖಾಲಿಯಾದರೆ ಬಾಡಿಗೆಯೂ ಇಲ್ಲ. ಕಂತು ಹಾಗಲ್ವಲ್ಲ.

ಬರುವಾಗ ಅಪ್ಪ ಬೇಡ ಅಂತಲೇ ಅಂದರು. ಸಂಜೆ ನೋಡಿದ್ರೆ ಕೊಟ್ಟಿಗೆ ಪಕ್ಕದ ಜಾಗವನ್ನ ಸುಮ್ನೆ ಹೆಜ್ಜೆ ಹಾಕಿ ಅಳೆಯುತ್ತಿದ್ದರು.