ಡ್ರಮ್ಮಿನ ನೀರಲ್ಲಿ ಸಿಕ್ಕ ಲೆಕ್ಕ

14 ಮಾರ್ಚ್ 2024, ಗುರುವಾರ
ಬೆಂಗಳೂರು

ಬೆಳಗ್ಗೆ ಮಾಡಿದ ಕೋಟಿಂಗ್ ಹಾಳಾಯಿತು. ಗಾಜಿನ ಮೇಲೆ ಕನ್ನಡಿಯಂತೆ ಹೊಳೆಯಬೇಕಿದ್ದ ಅಲ್ಯೂಮಿನಿಯಂ ಹಾಲು ಚೆಲ್ಲಿದ ಹಾಗೆ ಮಂಕಾಗಿ ಕೂತಿತ್ತು. ತಪ್ಪು ನನ್ನದೇ. ಗಂಟೆಯಾಕಾರದ ಗಾಜಿನ ಮುಚ್ಚಳದ ಒಳಗಿನ ಗಾಳಿಯನ್ನು ಪಂಪ್ ಪೂರ್ತಿ ಎಳೆದು ಹಾಕುವ ಮೊದಲೇ, ಅಲ್ಯೂಮಿನಿಯಂ ಕಾಯಿಸುವ ಫಿಲಮೆಂಟಿಗೆ, ಅಂದರೆ ಟಂಗ್‌ಸ್ಟನ್ ಸುರುಳಿಗೆ, ಕರೆಂಟ್ ಕೊಟ್ಟುಬಿಟ್ಟೆ.

ಮಧ್ಯಾಹ್ನ ಬಿಎಸ್ಸಿ ಮಕ್ಕಳ ಎದುರಿಗೇ ಎರಡನೇ ಸಲ. ಒತ್ತಡ ಒಂದು ಮಿಲಿಬಾರಿನ ಲಕ್ಷದಲ್ಲೊಂದು ಪಾಲಿಗೆ ಇಳಿಯುವ ತನಕ ಕಾದೆ. ಆಮೇಲೆ ಟಂಗ್‌ಸ್ಟನ್ ಸುರುಳಿ ಬೆಳ್ಳಗೆ ಕಾಯಿತು. ಅದಕ್ಕೆ ಸಿಕ್ಕಿಸಿದ್ದ ಅಲ್ಯೂಮಿನಿಯಂ ತಂತಿ 660 ಡಿಗ್ರಿಗೆ ಕರಗಿ, ಇನ್ನೂ ಕಾದು, ಆವಿಯಾಯಿತು. ನೋಡನೋಡುತ್ತಲೇ ಗಾಜಿನ ಗಂಟೆಯ ಒಳಗೆಲ್ಲ ಕನ್ನಡಿ. ಒಳಗಿಟ್ಟಿದ್ದ ಗಾಜಿನ ಸ್ಲೈಡಿನ ಮೇಲೆ ಕೂತ ಪದರದ ದಪ್ಪ 100 ನ್ಯಾನೋಮೀಟರ್. ತೂಕ ಹಾಕಿದರೆ ಅರ್ಧ ಮಿಲಿಗ್ರಾಂ ಅಷ್ಟೇ!

ಹೋದ ವಾರ ನನ್ನ ಸಂಶೋಧನೆಗೆಂದು ಇದೇ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟಿದ್ದೆ: ತಿರುಗುವ ಫ್ಯಾನಿನ ಸ್ವಿಚ್ ಆರಿಸಿದರೆ ಅದರ ಶಕ್ತಿ ಎಲ್ಲಿ ಹೋಗುತ್ತದೆ? ‘ಖರ್ಚಾಗುತ್ತದೆ’ ಎಂದೇ ಜಾಸ್ತಿ ಜನ ಬರೆದಿದ್ದರು. ಅವರನ್ನು ಬೈದು ಏನು ಪ್ರಯೋಜನ? ‘ಮೈಯಲ್ಲಿ ಶಕ್ತಿನೇ ಇಲ್ಲ’ ಅಂತ ನಾನೂ ದಿನಾ ಹೇಳ್ತೀನಿ. ಶಕ್ತಿ ನಾಶವಾಗುವುದಿಲ್ಲ ಎಂಬ ಸಾಲು ಎಲ್ಲರಿಗೂ ಬಾಯಿಪಾಠ. ನಂಬಿಕೆ ಮಾತ್ರ ಇಲ್ಲ.

ಹಾಗಾಗಿ ಲೆಕ್ಕ ಹಾಕಿಸಿದೆ. ಎರಡು ಗಂಟೆಯಲ್ಲಿ ಮೀಟರ್ ಸುಮಾರು 2 ಯೂನಿಟ್ ಓಡಿದೆ, ಅಂದರೆ 72 ಲಕ್ಷ ಜೂಲ್. ತಂತಿಯ ಅಷ್ಟೂ 50 ಮಿಲಿಗ್ರಾಂ ಅಲ್ಯೂಮಿನಿಯಂ ಕಾಯಿಸಿ ಆವಿ ಮಾಡಲು ಸಾವಿರ ಜೂಲ್ ಕೂಡ ಬೇಡ. ಉಳಿದದ್ದು?

“ವೇಸ್ಟ್ ಆಯ್ತು ಮೇಡಂ.”

“ಆಯ್ತಪ್ಪ, ಆ ವೇಸ್ಟ್ ಈಗ ಎಲ್ಲಿದೆ?”

ಈ ಬೇಸಿಗೆ ಊರಲ್ಲಿ ನೀರಿಗೆ ಪರದಾಟ. ಗಾಳಿ ಎಳೆಯುವ ಪಂಪ್ ತಣಿಸುವ ನೀರನ್ನು ಚರಂಡಿಗೆ ಬಿಡುವ ಹಾಗಿಲ್ಲ. ನೂರು ಲೀಟರ್ ಡ್ರಮ್ಮಿನ ನೀರನ್ನೇ ಸುತ್ತಿಸುತ್ತಿದ್ದೇವೆ. ಈ ತಾಪತ್ರಯವೇ ಇವತ್ತು ಕೈಹಿಡಿಯಿತು. ಬೆಳಗ್ಗೆಯ ರನ್ ಆದಮೇಲೆ ನೀರು ಬದಲಿಸಿದಾಗ 27 ಡಿಗ್ರಿ ಇತ್ತು. ಥರ್ಮಾಮೀಟರ್ ಅದ್ದಿದರೆ ಈಗ 34. ಏಳು ಡಿಗ್ರಿ ಅಂದರೆ 29 ಲಕ್ಷ ಜೂಲ್! ಕೊನೇ ಬೆಂಚಿನ ಹುಡುಗಿ ತಾನಾಗಿಯೇ ಹೋಗಿ ರೋಟರಿ ಪಂಪಿನ ಮೋಟರ್ ಮುಟ್ಟಿ ಸಟಕ್ಕನೆ ಕೈ ಎಳೆದುಕೊಂಡಳು. “ಇಲ್ಲೂ ಇದೆ ಮೇಡಂ.”

ಎಲ್ಲರೂ ಹೋದಮೇಲೆ ಹೊಸ ಪದರಕ್ಕೆ ಟೇಪ್ ಅಂಟಿಸಿ ಎಳೆದು ನೋಡಿದೆ. ಒಂದು ಮೂಲೆಯಲ್ಲಿ ಮಾತ್ರ ಕಿತ್ತು ಬಂತು. ಅಲ್ಲಿ ನನ್ನ ಹೆಬ್ಬೆರಳಿನ ಗುರುತು.