ತಾಳಗುಪ್ಪ ರೈಲಿನಲ್ಲಿ ‘ಗಾನ್ ಗರ್ಲ್’

ಸಾಗರದಲ್ಲಿ ಚಿಕ್ಕಪ್ಪನ ಮಗಳ ಮದುವೆ ಇತ್ತು. ಮನೆಯವರೆಲ್ಲ ಮೊದಲೇ ಹೋಗಿದ್ದರು. ನಾನೊಬ್ಬಳೇ ಮೈಸೂರಿನಿಂದ ತಾಳಗುಪ್ಪದ ಹಗಲು ರೈಲು ಹತ್ತಿದೆ. ಬ್ಯಾಗಿನಲ್ಲಿ ಗಿಲಿಯನ್ ಫ್ಲಿನ್ ಬರೆದ ‘ಗಾನ್ ಗರ್ಲ್’ ಇತ್ತು. 2012ರಲ್ಲಿ ಬಂದ ಅಮೆರಿಕದ ಕಾದಂಬರಿ. ಎರಡು ವರ್ಷದ ಮೇಲೆ ಡೇವಿಡ್ ಫಿಂಚರ್ ಅದನ್ನು ಸಿನಿಮಾ ಮಾಡಿದರು, ಚಿತ್ರಕಥೆ ಫ್ಲಿನ್ ಅವರದೇ. ಸಿನಿಮಾ ನಾನು ನೋಡಿರಲಿಲ್ಲ. ಕಥೆಯ ಗುಟ್ಟನ್ನೂ ಯಾರೂ ಹೇಳಿರಲಿಲ್ಲ. ಇದನ್ನು ಓದಬೇಕು ಅಂತ ಇಟ್ಟುಕೊಂಡವರು ಇಲ್ಲಿಗೇ ನಿಲ್ಲಿಸಿ, ಆಮೇಲೆ ಬನ್ನಿ. ಗುಟ್ಟು ಬಿಚ್ಚದೆ ನನ್ನ ಸಂಕಟ ಹೇಳಲು ಆಗುವುದಿಲ್ಲ.

ಕೃಷ್ಣರಾಜನಗರ ಬರುವ ಹೊತ್ತಿಗೆ ನಾನು ಆಗಲೇ ಮಿಸ್ಸೂರಿಯಲ್ಲಿದ್ದೆ. ಮಿಸ್ಸಿಸ್ಸಿಪ್ಪಿ ನದಿ ದಡದ ಒಂದು ಕಾಲ್ಪನಿಕ ಊರು, ನಾರ್ತ್ ಕಾರ್ತೇಜ್. ನಿಕ್ ಮತ್ತು ಏಮಿ ಗಂಡ ಹೆಂಡತಿ. ಇಬ್ಬರೂ ನ್ಯೂಯಾರ್ಕಿನಲ್ಲಿ ಬರೆದು ಬದುಕುತ್ತಿದ್ದವರು, ಇಬ್ಬರ ಕೆಲಸವೂ ಹೋಗುತ್ತದೆ. ನಿಕ್‌ನ ತಾಯಿಗೆ ಕ್ಯಾನ್ಸರ್ ಅಂತ ಅವನ ಊರಿಗೆ ಬರುತ್ತಾರೆ. ಏಮಿಯ ದುಡ್ಡಿನಲ್ಲಿ ನಿಕ್ ತನ್ನ ಅವಳಿ ಸೋದರಿಯ ಜೊತೆ ಸೇರಿ ಒಂದು ಬಾರ್ ತೆರೆಯುತ್ತಾನೆ. ಕೆಲಸ ಹೋದವನ ಮನೆಯೊಳಗಿನ ಗಾಳಿಯನ್ನು ಫ್ಲಿನ್ ಎಷ್ಟು ಚೆನ್ನಾಗಿ ಬರೆದಿದ್ದಾರೆ ಅಂದರೆ, ಅದು ಕಲ್ಪನೆ ಮಾತ್ರ ಅಂತ ಅನ್ನಿಸುವುದೇ ಇಲ್ಲ. ಅವರೂ ಒಂದು ವಾರಪತ್ರಿಕೆಯಲ್ಲಿ ಸಿನಿಮಾ, ಟೀವಿ ಬಗ್ಗೆ ಬರೆಯುತ್ತಿದ್ದವರು, 2008ರಲ್ಲಿ ಕೆಲಸ ಕಳೆದುಕೊಂಡವರು.

ಐದನೇ ವರ್ಷದ ಮದುವೆ ದಿನ ಏಮಿ ಕಾಣೆಯಾಗುತ್ತಾಳೆ. ಹಾಲ್‌ನಲ್ಲಿ ಮೇಜು ಕುರ್ಚಿ ಚೆಲ್ಲಾಪಿಲ್ಲಿ. ಅಡುಗೆಮನೆಯಲ್ಲಿ ರಕ್ತ ಒರೆಸಿದ ಗುರುತು. ಒಂದು ಅಧ್ಯಾಯ ನಿಕ್ ಹೇಳುತ್ತಾನೆ, ಮುಂದಿನದು ಏಮಿಯ ಹಳೆಯ ಡೈರಿ. ನಿಕ್ ಪೊಲೀಸರಿಗೆ ಸುಳ್ಳು ಹೇಳುತ್ತಾನೆ, ಹೇಳಿದೆ ಅಂತ ನಮಗೂ ತಿಳಿಸುತ್ತಾನೆ. ಪತ್ರಕರ್ತರ ಮುಂದೆ ನಿಂತು, ಹೆಂಡತಿ ಸಿಗುತ್ತಿಲ್ಲ ಅನ್ನುವಾಗ ಅವನ ಮುಖದಲ್ಲಿ ಒಂದು ನಗು ಬಂದು ಹೋಗುತ್ತದೆ. ಅಷ್ಟು ಸಾಕು, ಇಡೀ ದೇಶದ ಟೀವಿ ಅವನನ್ನು ಹುರಿದು ಮುಕ್ಕುತ್ತದೆ. ಸಂಜೆಯ ನ್ಯೂಸ್ ಚಾನೆಲ್‌ಗಳ ಚರ್ಚೆ ನೋಡಿರುವ ನಮಗೆ ಇದನ್ನೆಲ್ಲ ಯಾರೂ ವಿವರಿಸಬೇಕಿಲ್ಲ. ಇತ್ತ ಡೈರಿಯಲ್ಲಿ ಏಮಿ ಪ್ರೀತಿಯಿಂದ ಶುರು ಮಾಡಿ, ಬರ್ತಾ ಬರ್ತಾ ಗಂಡನಿಗೆ ಹೆದರುತ್ತಾ ಹೋಗುತ್ತಾಳೆ. ಕೊನೆಗೆ ಇವನು ನನ್ನನ್ನು ಕೊಂದೇಬಿಡಬಹುದು ಅಂತ ಬರೆಯುತ್ತಾಳೆ.

ಹಾಸನದಲ್ಲಿ ಎದುರಿನ ಸೀಟಿಗೆ ಒಬ್ಬ ಅಜ್ಜಿ ಬಂದು ಕೂತರು. ಭದ್ರಾವತಿಯಲ್ಲಿ ಮಗಳ ಮನೆಯಂತೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, “ಏನಮ್ಮಾ ಅದು, ತಿಂಡಿ ಮಾರೋನು ಕೂಗಿದ್ರೂ ತಲೆ ಎತ್ತಲ್ವಲ್ಲ” ಅಂದರು. ಅಲ್ಲಿವರೆಗಿನ ಕಥೆ ಹೇಳಿದೆ. ಅಜ್ಜಿ ಪೂರ್ತಿ ಕೇಳಿ, “ಗಂಡನೇ ಕೊಂದಿರೋದು, ಅದ್ರಲ್ಲೇನು ಅನುಮಾನ? ಆ ಹುಡುಗಿ ಬರೆದಿಟ್ಟಿದಾಳಲ್ಲ” ಅಂದರು. ನನಗೂ ಹಾಗೇ ಅನ್ನಿಸಿತ್ತು. ಸೈಡ್ ಸೀಟಿನಲ್ಲಿ ಇಯರ್‌ಫೋನ್ ಹಾಕಿಕೊಂಡಿದ್ದ ಒಬ್ಬ ಹುಡುಗ ಅದನ್ನು ತೆಗೆದು ನಮ್ಮ ಮಾತು ಕೇಳತೊಡಗಿದ.

ಅರಸೀಕೆರೆ ದಾಟಿ ಎರಡನೇ ಭಾಗ ತೆರೆದೆ. ಏಮಿ ಸತ್ತಿಲ್ಲ. ಕಾರು ಓಡಿಸಿಕೊಂಡು ಹೋಗುತ್ತಿದ್ದಾಳೆ. ಎಲ್ಲವೂ ಅವಳದೇ ಯೋಜನೆ. ಗಂಡ ಬೇರೊಬ್ಬಳ ಜೊತೆ ಇರುವುದು ಗೊತ್ತಾದ ಮೇಲೆ ಒಂದು ವರ್ಷ ಕೂತು ಇದನ್ನು ಹೆಣೆದಿದ್ದಾಳೆ. ತನ್ನ ತೋಳನ್ನು ತಾನೇ ಕೊಯ್ದುಕೊಂಡು ಅಡುಗೆಮನೆಯಲ್ಲಿ ರಕ್ತ ಚೆಲ್ಲಿ, ಬೇಕೆಂದೇ ಅರೆಬರೆ ಒರೆಸಿದ್ದಾಳೆ. ಬಸುರಿಯಾಗಿದ್ದೆ ಅಂತ ದಾಖಲೆ ಆಗಲಿ ಅಂತ ಬಸುರಿ ನೆರೆಮನೆಯವಳ ಮೂತ್ರ ಬಳಸಿದ್ದಾಳೆ. ಮತ್ತೆ ಆ ಡೈರಿ. ಏಳು ವರ್ಷದ ಡೈರಿ, ಬಹುಪಾಲು ಸುಳ್ಳು. ಪೊಲೀಸರ ಕೈಗೆ ಸಿಗಲಿ ಅಂತಲೇ ಬರೆದದ್ದು.

ಮೈ ಜುಮ್ ಅಂದಿತು. ಆ ಕ್ಷಣದ ಖುಷಿಯನ್ನು ನಾನು ಮುಚ್ಚಿಡುವುದಿಲ್ಲ. ಒಬ್ಬ ಬರಹಗಾರ್ತಿ ಅಷ್ಟು ಪುಟ ನನ್ನ ಕೈ ಹಿಡಿದು ನಡೆಸಿ ಒಂದೇ ಏಟಿಗೆ ನೆಲ ಎಳೆದಿದ್ದಳು. ಹಿಂದಕ್ಕೆ ಹೋಗಿ ಡೈರಿಯ ಪುಟಗಳನ್ನು ಮತ್ತೆ ತೆರೆದೆ. ಅತಿ ಮುದ್ದಾಗಿ, ಅತಿ ಒಳ್ಳೆಯವಳಾಗಿ ಕಾಣುವ ಆ ಏಮಿಯ ಒಂದೊಂದು ಸಾಲಿನಲ್ಲೂ ಲೆಕ್ಕಾಚಾರ ಇತ್ತು. ಓದುಗರಿಗೆ ಎಂಥ ಹೆಂಗಸಿನ ಮೇಲೆ ಕನಿಕರ ಹುಟ್ಟುತ್ತದೆ ಅನ್ನುವುದು ಅವಳಿಗೆ ಚೆನ್ನಾಗಿ ಗೊತ್ತು.

ಅದರ ಹಿಂದೆಯೇ ಇನ್ನೊಂದು ನೆನಪು ಬಂತು, ಅಲ್ಲಿಂದ ಹೊಟ್ಟೆಯೊಳಗೆ ಕಿವುಚಿದಂತೆ ಆಗತೊಡಗಿತು.

ನಾನು ಮೈಸೂರಿನಲ್ಲಿ ಕೆಲವು ವರ್ಷಗಳಿಂದ ಒಂದು ಮಹಿಳಾ ಸಹಾಯ ಕೇಂದ್ರದಲ್ಲಿ ಬಿಡುವಿದ್ದಾಗ ಕೆಲಸ ಮಾಡುತ್ತೇನೆ. ಮನೆಯಲ್ಲಿ ಹೊಡೆತ ತಿಂದು ಬರುವವರ ಮಾತು ಕೇಳುವುದು, ಅರ್ಜಿ ಬರೆದುಕೊಡುವುದು, ಜೊತೆಗೆ ಹೋಗುವುದು. ಅಲ್ಲಿ ನಾವು ಎಲ್ಲರಿಗೂ ಮೊದಲು ಹೇಳುವ ಮಾತು ಒಂದೇ: ಬರೆದಿಡಿ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಏನಾಯಿತು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ತುಂಬುವ ಘಟನೆ ವರದಿಯಲ್ಲೂ ದಿನಾಂಕ, ಜಾಗ, ಸಮಯಕ್ಕೆ ಕಾಲಮ್ಮು ಇದೆ. ಹೊಡೆತ ತಿಂದ ಹೆಂಗಸಿಗೆ ದಿನಾಂಕ ನೆನಪಿರುವುದಿಲ್ಲ. ಯಾವಾಗ ಅಂದರೆ “ಹಬ್ಬದ ಹಿಂದಿನ ದಿನ” ಅನ್ನುತ್ತಾಳೆ, ಯಾವ ವರ್ಷದ ಹಬ್ಬ ಅಂದರೆ ತಡವರಿಸುತ್ತಾಳೆ.

ಒಬ್ಬರು ಬಂದಿದ್ದರು, ಹಾಲಿನ ಲೆಕ್ಕದ ಪುಸ್ತಕ ಹಿಡಿದುಕೊಂಡು. ಎಡಕ್ಕೆ ತಾರೀಕು, ಪಕ್ಕದಲ್ಲಿ ಬೆಳಿಗ್ಗೆ ಅರ್ಧ ಲೀಟರ್, ಸಂಜೆ ಅರ್ಧ ಲೀಟರ್. ಕೆಲವು ತಾರೀಕಿನ ಮುಂದೆ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ. ಕೆಲವು ಕಡೆ ಎರಡು. ಗಂಡ ಆ ಪುಸ್ತಕ ತೆರೆದು ನೋಡಿದರೂ ಏನೂ ತಿಳಿಯಬಾರದು ಅಂತ ಹಾಗೆ. ಒಂದು ಚುಕ್ಕೆ ಅಂದರೆ ಕೈಯಲ್ಲಿ ಹೊಡೆದದ್ದು, ಎರಡು ಅಂದರೆ ಬೆಲ್ಟಿನಲ್ಲಿ. ಕೆಲವು ತಿಂಗಳಲ್ಲಿ ಹಾಲು ಬಂದ ದಿನಕ್ಕಿಂತ ಚುಕ್ಕೆಯೇನೂ ಕಡಿಮೆ ಇರಲಿಲ್ಲ. ನಾನು ಆ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮೂಲೆಗಳು ಮಡಚಿ, ಎಣ್ಣೆ ಕೈ ತಾಗಿ, ಕಾಗದ ಮೆತ್ತಗಾಗಿತ್ತು.

ಅದನ್ನು ದೂರಿನ ಜೊತೆ ಕೊಡಲು ಹೋದಾಗ ಅಲ್ಲಿದ್ದವರು ಪುಟ ತಿರುವಿ, “ಇದನ್ನ ನಿನ್ನೆ ರಾತ್ರಿ ಕೂತು ಹಾಕಿಲ್ಲ ಅಂತ ಏನು ಗ್ಯಾರಂಟಿ?” ಅಂದರು. ಆಕೆ ಏನೂ ಹೇಳಲಿಲ್ಲ. ಪುಸ್ತಕ ತೆಗೆದು ಸೆರಗಿನೊಳಗೆ ಇಟ್ಟುಕೊಂಡರು.

ಈಗ ನನ್ನ ತೊಡೆಯ ಮೇಲಿದ್ದ ಕಾದಂಬರಿ ಹೇಳುತ್ತಿದ್ದುದೂ ಅದನ್ನೇ. ಹೌದು, ಕೂತು ಬರೆದದ್ದು. ಹೆಂಗಸು ಬರೆದಿಟ್ಟದ್ದನ್ನು ನಂಬಬೇಡಿ.

ಅಜ್ಜಿ “ಆಮೇಲೇನಾಯ್ತು?” ಅಂದರು. ಹೇಳಿದೆ. ಅವರು ಬಾಯಿ ಮೇಲೆ ಕೈ ಇಟ್ಟುಕೊಂಡು, “ಅಯ್ಯೋ, ಇಷ್ಟೆಲ್ಲಾ ಮಾಡೋಕೆ ಅವಳಿಗೆ ಬೇರೆ ಕೆಲಸ ಇರ್ಲಿಲ್ವಾ? ಗಂಡ ಬ್ಯಾಡ ಅಂದ್ರೆ ಬಿಟ್ಟು ಹೋಗ್ಬೋದಿತ್ತು” ಅಂದರು. ಸೈಡ್ ಸೀಟಿನ ಹುಡುಗ ಮುಂದೆ ಬಾಗಿದ. “ಕರೆಕ್ಟಾಗಿ ಬರೆದಿದಾರೆ ಮೇಡಂ. ಈಗ ಎಲ್ಲಾ ಕಡೆ ಇದೇ. ಅರ್ಧಕ್ಕರ್ಧ ಕೇಸು ಸುಳ್ಳು. ನಮ್ಮ ಆಫೀಸಲ್ಲೇ ಒಬ್ಬರಿಗೆ ಹೀಗಾಗಿದೆ.” ಅವನ ದನಿಯಲ್ಲಿ ಕೆಡುಕಿರಲಿಲ್ಲ. ನಿಜವಾಗಿಯೂ ನಂಬಿದ್ದ. ಅವನ ಪರಿಚಯದವರಿಗೆ ಅನ್ಯಾಯ ಆಗಿದ್ದರೂ ಆಗಿರಬಹುದು, ಸುಳ್ಳು ದೂರು ಇಲ್ಲವೇ ಇಲ್ಲ ಅಂತ ನಾನೂ ಹೇಳುವುದಿಲ್ಲ. ಆದರೆ ಅವನು ಪುಸ್ತಕ ಓದಿರಲಿಲ್ಲ. ನನ್ನ ಬಾಯಲ್ಲಿ ಕಥೆ ಕೇಳಿಯೇ ಅವನಿಗೊಂದು ಪುರಾವೆ ಸಿಕ್ಕಿತ್ತು.

ನಾನು ಅವನಿಗೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಹೇಳಿದೆ. ಐದನೇ ಸುತ್ತಿನಲ್ಲಿ, ನಮ್ಮ ಕರ್ನಾಟಕದಲ್ಲಿ, ಮದುವೆಯಾದ 18ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇಕಡ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದಿದ್ದಾರೆ. ದೇಶದ ಸರಾಸರಿ ಶೇಕಡ 29. ಹಿಂಸೆ ಅನುಭವಿಸಿದವರಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಹೆಂಗಸರು ಯಾರಿಗೂ ಹೇಳಿಯೇ ಇಲ್ಲ, ಸಹಾಯವನ್ನೂ ಕೇಳಿಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಷ್ಟೊಂದಾ?” ಅಂದ. ಅಜ್ಜಿ ಕಿಟಕಿಯ ಕಡೆ ನೋಡುತ್ತಾ, “ಹೇಳಿದ್ರೆ ತಾನೇ ಗೊತ್ತಾಗೋದು” ಅಂದರು. ಆಮೇಲೆ ಬೀರೂರಿನವರೆಗೆ ಮೂವರೂ ಮಾತಾಡಲಿಲ್ಲ.

ಇಷ್ಟಾದ ಮೇಲೆ ನಾನು ಪುಸ್ತಕ ಮುಚ್ಚಿಡಬೇಕಿತ್ತು ಅಂತ ನಿಮಗೆ ಅನ್ನಿಸಬಹುದು. ಆಗಲಿಲ್ಲ. ತರೀಕೆರೆಯ ತೋಟಗಳು ಹಿಂದೆ ಸರಿಯುತ್ತಿದ್ದವು, ನಾನು ತಲೆ ಎತ್ತಲಿಲ್ಲ. ಯಾಕೆ ಬಿಡಲಾಗಲಿಲ್ಲ ಅಂತ ಯೋಚಿಸಿದರೆ, ಒಂದು ಪುಟಕ್ಕೆ ಬಂದು ನಿಲ್ಲುತ್ತೇನೆ. ಗಂಡಸರು ಬಯಸುವ ಒಂದು ಹೆಣ್ಣಿನ ಬಗ್ಗೆ ಏಮಿ ಹೇಳುವ ಪುಟ. ಅವಳು ಫುಟ್‌ಬಾಲ್ ನೋಡುತ್ತಾಳೆ, ಪೋಕರ್ ಆಡುತ್ತಾಳೆ, ಅಗ್ಗದ ಬಿಯರ್ ಕುಡಿಯುತ್ತಾಳೆ, ಕೊಳಕು ಜೋಕಿಗೆ ನಗುತ್ತಾಳೆ, ಬರ್ಗರ್ ತಿಂದೂ ತೆಳ್ಳಗೇ ಇರುತ್ತಾಳೆ. ಎಲ್ಲಕ್ಕಿಂತ ಮುಖ್ಯವಾಗಿ, ಅವಳಿಗೆ ಸಿಟ್ಟು ಬರುವುದೇ ಇಲ್ಲ. ಅಂಥ ಹೆಣ್ಣು ಎಲ್ಲೂ ಇಲ್ಲ, ಇರುವುದು ಅವಳ ಹಾಗೆ ನಟಿಸುವ ಹೆಂಗಸರು ಮಾತ್ರ ಅನ್ನುತ್ತಾಳೆ ಏಮಿ.

ಆ ಪುಟವನ್ನು ಎರಡು ಸಲ ಓದಿದೆ. ನಮ್ಮ ಕಡೆ ಬಿಯರ್, ಫುಟ್‌ಬಾಲ್ ಇಲ್ಲ. ನಮ್ಮಲ್ಲಿ ಇರುವುದು “ಹೊಂದಿಕೊಂಡು ಹೋಗೋ ಹುಡುಗಿ”. ಓದಿರಬೇಕು, ಕೆಲಸಕ್ಕೂ ಹೋಗಬೇಕು, ಬಂದು ಅಡುಗೆ ಮಾಡಬೇಕು, ಅತ್ತೆಯ ಮಾತಿಗೆ ಮುಖ ಸಿಂಡರಿಸಬಾರದು. ನಾನು ಹೋಗುತ್ತಿದ್ದ ಮದುವೆಯಲ್ಲೂ ಚಿಕ್ಕಮ್ಮ ಮಗಳ ಬಗ್ಗೆ ಬೀಗರ ಹತ್ತಿರ ಹೇಳಿದ್ದು ಇದೇ ಮಾತು. ಹಾಲಿನ ಪುಸ್ತಕದ ಆಕೆಯೂ ಮೊದಮೊದಲು ಹೇಳಿದ್ದು ಅದನ್ನೇ: “ನಾನು ಹೊಂದ್ಕೊಂಡೇ ಹೋಗ್ತಿದ್ದೆ ಮೇಡಂ.” ಆ ಸುಳ್ಳನ್ನು ಇಷ್ಟು ಹರಿತವಾಗಿ ಬಯಲು ಮಾಡಿದವಳು ಇದೇ ಫ್ಲಿನ್. ಆದರೆ ಆ ಮಾತನ್ನು ಆಡಿಸಿದ್ದು ಯಾರ ಬಾಯಲ್ಲಿ? ಹಿಂದೆಯೇ ಒಬ್ಬ ಗೆಳೆಯನ ಮೇಲೆ ಅತ್ಯಾಚಾರದ ಸುಳ್ಳು ಆರೋಪ ಹೊರಿಸಿದವಳ ಬಾಯಲ್ಲಿ. ಮುಂದೆ ತನಗೆ ಆಸರೆ ಕೊಟ್ಟವನನ್ನೇ ಕೊಂದು, ಅವನು ನನ್ನನ್ನು ಕೂಡಿಹಾಕಿ ಕೆಡಿಸಿದ ಅನ್ನುವವಳ ಬಾಯಲ್ಲಿ. ನಿಜವಾದ ಮಾತು, ಸುಳ್ಳುಗಾತಿಯ ನಾಲಿಗೆ. ಇದು ನನಗೆ ಇವತ್ತಿಗೂ ಚುಚ್ಚುತ್ತದೆ.

ಹೆಂಗಸರನ್ನು ದ್ವೇಷಿಸುವ ಪುಸ್ತಕ ಇದು ಅಂತ ಬಹಳ ಜನ ಫ್ಲಿನ್ ಅವರನ್ನು ಕೇಳಿದ್ದಾರೆ. ಹೆಂಗಸರೂ ಕೆಟ್ಟವರಾಗಿರಬಹುದು, ಅದನ್ನು ಒಪ್ಪಿಕೊಳ್ಳುವುದೂ ಸ್ತ್ರೀವಾದದ ಭಾಗ ಅನ್ನುವ ಅರ್ಥದ ಉತ್ತರ ಕೊಟ್ಟಿದ್ದಾರೆ. ಈ ಮಾತು ನನಗೆ ಒಪ್ಪಿಗೆ. ಕಥೆಯಲ್ಲಿ ಹೆಂಗಸು ಯಾವಾಗಲೂ ಅಳುವವಳೇ ಆಗಿರಬೇಕು ಅಂದರೆ ಅದೂ ಒಂದು ಕಟ್ಟುಪಾಡೇ. ಏಮಿ ಕೊಲ್ಲಲಿ, ಕದಿಯಲಿ, ಊರನ್ನೇ ಮೋಸ ಮಾಡಲಿ. ಆಯುಧವಾಗಿ ಡೈರಿಯನ್ನೇ ಕೊಟ್ಟಿದ್ದಕ್ಕೆ ನನ್ನ ಸಿಟ್ಟು. ಆದರೆ ಡೈರಿ ಇಲ್ಲದಿದ್ದರೆ ಈ ಕಾದಂಬರಿಯೇ ಇಲ್ಲ, ಅದೂ ಗೊತ್ತು.

ಭದ್ರಾವತಿಯಲ್ಲಿ ಅಜ್ಜಿ ಇಳಿದರು. ಹೋಗುವ ಮುಂಚೆ “ಕೊನೆಗೆ ಅವ್ಳಿಗೆ ಶಿಕ್ಷೆ ಆಯ್ತಾ?” ಅಂತ ಕೇಳಿದರು. ಇನ್ನೂ ಅಲ್ಲಿಗೆ ಬಂದಿಲ್ಲ ಅಂದೆ. ಆನಂದಪುರದ ಹತ್ತಿರ ಮುಗಿಯಿತು. ಶಿಕ್ಷೆ ಆಗುವುದಿಲ್ಲ. ಏಮಿ ಮನೆಗೆ ವಾಪಸ್ ಬರುತ್ತಾಳೆ, ಆಮೇಲೆ ನಿಜವಾಗಿಯೂ ಬಸುರಿಯಾಗುತ್ತಾಳೆ. ಎಲ್ಲ ಗೊತ್ತಿರುವ ನಿಕ್ ಮಗುವಿಗೋಸ್ಕರ ಅವಳ ಜೊತೆಗೇ ಉಳಿಯುತ್ತಾನೆ. ಅನೇಕರಿಗೆ ಈ ಕೊನೆ ಇಷ್ಟವಾಗಿಲ್ಲ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ನಿಜ ಅನ್ನಿಸಿದ್ದು ಅದೇ. ಮಗುವಿಗೋಸ್ಕರ ಅಂತ ಭಯದ ಜೊತೆ ಒಂದೇ ಸೂರಿನಡಿ ಇರುವವರನ್ನು ನಾನು ವಾರವಾರ ನೋಡುತ್ತೇನೆ. ಅಲ್ಲಿ ಭಯಪಡುವವನು ಗಂಡಸಾಗಿದ್ದಾನೆ, ಅಷ್ಟೇ ವ್ಯತ್ಯಾಸ.

ಈಗ ಕೇಂದ್ರಕ್ಕೆ ಬರುವವರಿಗೆ ಬರೆದಿಡಿ ಅಂತ ಹೇಳುವಾಗ ಇನ್ನೂ ಒಂದೆರಡು ಮಾತು ಸೇರಿಸುತ್ತೇನೆ. ಬರೆದ ಪುಟದ ಫೋಟೊ ತೆಗೆದು ಅವತ್ತೇ ಅಕ್ಕನಿಗೋ ಗೆಳತಿಗೋ ವಾಟ್ಸ್ಆ್ಯಪ್ ಮಾಡಿ, ತಾರೀಕು ತಾನಾಗಿ ಬೀಳುತ್ತದೆ. ಸಣ್ಣ ಗಾಯವಾದರೂ ಸರ್ಕಾರಿ ಆಸ್ಪತ್ರೆಯ ಚೀಟಿ ಮಾಡಿಸಿ. ಫೋನ್ ಮಾಡಲು ಆದರೆ ಮಹಿಳಾ ಸಹಾಯವಾಣಿ 181ಕ್ಕೆ ಮಾಡಿ, ಕರೆ ಮಾಡಿದ ಗುರುತಾದರೂ ಉಳಿಯಲಿ.

ಪುಸ್ತಕವನ್ನು ನನ್ನ ಜೊತೆ ಕೆಲಸ ಮಾಡುವ ಗೆಳತಿಗೆ ಕೊಟ್ಟೆ. ಅವಳೂ ನಿದ್ದೆಗೆಟ್ಟು ಓದಿದಳು. ಪುಸ್ತಕ ಕೊಟ್ಟಿದ್ದಕ್ಕೆ ನನ್ನನ್ನು ಬೈದಳು, ಫ್ಲಿನ್ ಅವರ ಬೇರೆ ಕಾದಂಬರಿ ಇದೆಯಾ ಅಂತಲೂ ಕೇಳಿದಳು. ಇಂಥದ್ದನ್ನು ನಮ್ಮಂಥವರೇ ಓದಬೇಕು ಅನ್ನುತ್ತಾಳೆ. ಸೈಡ್ ಸೀಟಿನ ಆ ಹುಡುಗನಂಥವರು ಓದಿದರೆ ಏನಾಗುತ್ತದೆ ಅಂತ ನಾನು ಕೇಳುತ್ತೇನೆ. ಮೊನ್ನೆಯೂ ಊಟದ ಹೊತ್ತಿನಲ್ಲಿ ಇದೇ ವಾದ ಆಯಿತು, ಇಬ್ಬರೂ ಸೋಲಲಿಲ್ಲ.