ವಿಕ್ಟರಿ ಹಡಗಿನ ಮೂತಿ: ಲಂಗರು ಹಗ್ಗ ಮುಗಿಯಿತು, ‘ಬಿಟರ್ ಎಂಡ್’ ಕೂತಿತು

ಈ ಸಲ ಪೂರ್ತಿ ಹಗ್ಗದ ಕೆಲಸ. ನಾನು ಮಾಡುತ್ತಿರುವುದು ಎಚ್‌ಎಂಎಸ್ ವಿಕ್ಟರಿಯ ಇಡೀ ಮಾದರಿ ಅಲ್ಲ. ಕೆಳಗಿನ ತೋಪಿನ ಡೆಕ್‌ನ ಮೂತಿ ಭಾಗ ಮಾತ್ರ, 48ಕ್ಕೆ 1ರ ಅಳತೆಯಲ್ಲಿ. 1765ರಲ್ಲಿ ಇಂಗ್ಲೆಂಡಿನ ಚಾಥಮ್‌ನಲ್ಲಿ ನೀರಿಗಿಳಿದ ಬ್ರಿಟಿಷ್ ನೌಕಾಪಡೆಯ ಹಾಯಿ ಯುದ್ಧಹಡಗು ಇದು, ಈಗ ಪೋರ್ಟ್ಸ್‌ಮತ್‌ನಲ್ಲಿದೆ. ಎಲ್ಲರಿಗೂ ಅದರ ಹಾಯಿ, ತೋಪುಗಳೇ ಇಷ್ಟ. ನನಗೆ ಮಾತ್ರ ಲಂಗರಿನ ಏರ್ಪಾಡಿನ ಮೇಲೆ ಕಣ್ಣು.

ನಿಜವಾದ ಲಂಗರು ಹಗ್ಗದ ಸುತ್ತಳತೆ 24 ಇಂಚು. ಅಂದರೆ ದಪ್ಪ 19 ಸೆಂಟಿಮೀಟರ್‌ಗೂ ಜಾಸ್ತಿ! ನನ್ನ ಅಳತೆಗೆ ಇಳಿಸಿದರೆ 4 ಮಿಲಿಮೀಟರ್. ಅಂಗಡಿಯ ದಾರ ನಡೆಯುವುದಿಲ್ಲ, ಯಾಕಂದ್ರೆ ಹುರಿ ಬೇರೆ. ಮೊದಲು ಮೂರೆಳೆ ಸೇರಿಸಿ ಬಲ ಹುರಿಯ ಹಗ್ಗ ಹೊಸೆಯಬೇಕು. ಅಂಥ ಮೂರು ಹಗ್ಗಗಳನ್ನು ಮತ್ತೆ ಸೇರಿಸಿ ಎಡಕ್ಕೆ ಹೊಸೆಯಬೇಕು. ಒಟ್ಟು ಒಂಬತ್ತು ಎಳೆ. ಹತ್ತಿ ನೂಲನ್ನು ಕಿಟಕಿ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಕೈ ಡ್ರಿಲ್‌ಗೆ ಸಿಕ್ಕಿಸಿ ಹೊಸೆದೆ. ಬಿಗಿ ಬಿಟ್ಟರೆ ಸಾಕು, ಗಂಟು ಗಂಟಾಗಿ ಮುದುರಿಕೊಳ್ಳುತ್ತದೆ. ಆಮೇಲೆ ಚಹಾ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದೆ. ಬಣ್ಣ ಚೆನ್ನಾಗಿ ಬಂತು.

ಆಮೇಲೆ ಗೂಟಗಳು. ತೇಗದ ಚೂರಿನಲ್ಲಿ ಎರಡು ನಿಲುಗಂಬ, ಅವಕ್ಕೊಂದು ಅಡ್ಡಪಟ್ಟಿ. ಇಂಗ್ಲಿಷ್ ನಾವಿಕರು ಇದನ್ನು ‘ಬಿಟ್ಸ್’ ಅನ್ನುತ್ತಿದ್ದರು. ಲಂಗರಿನಿಂದ ಬರುವ ಹಗ್ಗ ಮೂತಿಯ ತೂತಿನಿಂದ ಒಳಗೆ ಬಂದು, ಈ ಗೂಟಕ್ಕೆ ಸುತ್ತಿಕೊಂಡು, ಕೆಳಗಿನ ಡೆಕ್‌ಗೆ ಇಳಿಯುತ್ತದೆ. ಗೂಟದಿಂದ ಒಳಗೆ ಉಳಿಯುವ ಭಾಗವೇ ‘ಬಿಟರ್ ಎಂಡ್’. 1627ರಲ್ಲೇ ಕ್ಯಾಪ್ಟನ್ ಜಾನ್ ಸ್ಮಿತ್ ನಾವಿಕರ ಮಾತುಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ಹೀಗೇ ವಿವರಿಸಿದ್ದಾನೆ. ಹೌದು, ಅಮೆರಿಕದಲ್ಲಿ ಇಂಗ್ಲಿಷರ ವಸಾಹತಾಗಿದ್ದ ವರ್ಜೀನಿಯಾದ ಜೇಮ್ಸ್‌ಟೌನ್‌ನ ಅದೇ ಸ್ಮಿತ್.

‘ಟು ದ ಬಿಟರ್ ಎಂಡ್’ ಅಂದರೆ ಎಷ್ಟೇ ಕಷ್ಟವಾದರೂ ಕೊನೇ ತನಕ ಬಿಡದೆ ಅನ್ನೋ ಅರ್ಥ, ಅಲ್ವಾ? ಆ ಅರ್ಥ ಈ ಗೂಟದಿಂದ ಹೇಗೆ ಬಂದೀತು ಅನ್ನೋದು ಹಗ್ಗ ಸುತ್ತುವಾಗ ಕೈಗೇ ತಿಳಿಯಿತು. ಬಿರುಗಾಳಿ ಎದ್ದಾಗ ನಾವಿಕರು ಹಗ್ಗವನ್ನು ಇನ್ನಷ್ಟು ಹೊರಗೆ ಬಿಡುತ್ತಾರೆ. ಹಗ್ಗ ಉದ್ದವಾದಷ್ಟೂ ಎಳೆತ ನೆಲಕ್ಕೆ ಸಮವಾಗುತ್ತದೆ, ಲಂಗರು ಮಣ್ಣಲ್ಲಿ ಕಚ್ಚಿಕೊಳ್ಳುತ್ತದೆ. ಬಿಡುತ್ತಾ ಬಿಡುತ್ತಾ ಒಳಗಿನ ತುದಿಯೇ ಬಂದರೆ? ಕೊಡಲು ಇನ್ನೇನೂ ಇಲ್ಲ. ಆ ಹಗ್ಗ ಸಣ್ಣದೇನಲ್ಲ. ಇಂಥ ಲಂಗರು ಹಗ್ಗದ ಉದ್ದದಿಂದಲೇ ಬಂದ, ನಾವಿಕರು ದೂರ ಅಳೆಯುವ ‘ಕೇಬಲ್’ ಅನ್ನೋ ಅಳತೆಯೇ ಸುಮಾರು 185 ಮೀಟರ್.

ಇನ್ನೊಂದು ವಾದವೂ ಇದೆ. ಬೈಬಲ್‌ನ ಜ್ಞಾನೋಕ್ತಿಗಳು 5:4ರಲ್ಲಿ ಕೆಟ್ಟ ಹೆಂಗಸಿನ ಸಹವಾಸದ ಕೊನೆ ಕಹಿ ಎಂಬ ಮಾತು ಬರುತ್ತದೆ. 1611ರ ಇಂಗ್ಲಿಷ್ ಅನುವಾದದಲ್ಲೂ ‘ಎಂಡ್’ (ಕೊನೆ), ‘ಬಿಟರ್’ (ಕಹಿ) ಎರಡೂ ಇವೆ. ಹಡಗು ಕಾಣದ ಜನ ಈ ನುಡಿಗಟ್ಟನ್ನು ಬಾಯಲ್ಲಿ ಉಳಿಸಿಕೊಂಡಿದ್ದು ಕಹಿಯ ಬಲದಿಂದಲೇ ಇರಬೇಕು. ಗೂಟ ಕೆತ್ತಿದವನಾಗಿ ನನ್ನ ಓಟು ಮಾತ್ರ ಹಗ್ಗಕ್ಕೆ. ಸುಮ್ನೆ ಪಕ್ಷಪಾತ ಅನ್ನಿ.

ಈಗ ಹಗ್ಗ ಗೂಟಕ್ಕೆ ಸುತ್ತಿಕೊಂಡು ಕೂತಿದೆ, ಅಡಿಯಲ್ಲಿ ಒಂದು ಹನಿ ಫೆವಿಕಾಲ್. ಒಳ ತುದಿ ಕೆಳ ಡೆಕ್‌ನ ಸುರುಳಿಯೊಳಗೆ ಇಳಿದಿದೆ. ಮೇಲಿನ ಹಲಗೆ ಹೊದಿಸಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ, ಹಾಗಾಗಿ ಒಂದು ಬದಿ ತೆರೆದೇ ಬಿಡುತ್ತೇನೆ.

ಮುಂದಿನದು ಲಂಗರು ಎತ್ತುವ ದೊಡ್ಡ ರಾಟೆ. ಇಷ್ಟು ದಪ್ಪದ ಹಗ್ಗ ರಾಟೆಗೆ ಸುತ್ತಿಕೊಳ್ಳುವುದೇ ಇಲ್ಲ. ಅದಕ್ಕೇ ರಾಟೆಗೆ ತೆಳು ಹಗ್ಗದ ಬಳೆಯೊಂದನ್ನು ಹಾಕಿ, ದೊಡ್ಡದನ್ನು ಅದಕ್ಕೆ ತುಂಡು ದಾರಗಳಿಂದ ಕಟ್ಟುತ್ತಾ, ಬಿಚ್ಚುತ್ತಾ ಎಳೆಯುತ್ತಿದ್ದರು. ಆ ತುಂಡು ದಾರಗಳನ್ನೂ ಹೊಸೆಯಬೇಕು. ನೂಲು ಖಾಲಿ, ಮೊದಲು ಅದನ್ನು ತರಬೇಕು.